ಚಿಕ್ಕಮ್ಮ ಬೆಸೆದ ತಂತಿ

ನಮ್ಮ ಚಿಕ್ಕಮ್ಮನಿಗೆ ಕಾರ್ಖಾನೆಯವರು ಇಟ್ಟ ಹೆಸರು ಬೆಂಕಿಕಣ್ಣು. ಕೋಪಕ್ಕಲ್ಲ ಮತ್ತೆ, ಕೋಪವೆಲ್ಲ ನನ್ನ ಪಾಲಿಗೆ ಬಂದಿದೆ. ಪಿಂಗಾಣಿ ಬಟ್ಟಲು ಸುಡುವ ಭಟ್ಟಿಯ ಕಿಂಡಿಯಲ್ಲಿ ಒಮ್ಮೆ ಇಣುಕಿ, ಒಳಗಿನ ಕೆಂಪು ನೋಡಿ, ಇಷ್ಟು ಡಿಗ್ರಿ ಅಂತ ಹೇಳಿಬಿಡುವಳು. ಮೂವತ್ತು ವರ್ಷ ಅವಳು "ನಿಲ್ಲಿಸಿ" ಅಂದಾಗಲೇ ಬೆಂಕಿ ನಿಂತಿದ್ದು.

ಅಂಥವಳ ಜಾಗಕ್ಕೆ ಯಜಮಾನರು ಒಂದು ಮೀಟರ್ ತಂದಿಟ್ಟರು. ಅದಕ್ಕೊಂದು ಥರ್ಮೊಕಪಲ್. ಅಂದರೆ ಬೇರೆ ಬೇರೆ ಲೋಹದ ಎರಡು ತಂತಿ, ಅಷ್ಟೇ. ತುದಿ ಎರಡನ್ನೂ ಬೆಸೆದು ಗೋಡೆಯ ತೂತಿನಿಂದ ಭಟ್ಟಿಯೊಳಗೆ ಇಟ್ಟರೆ, ಹೊರಗೆ ಮೀಟರ್ ಒಳಗಿನ ಬಿಸಿ ತೋರಿಸುತ್ತದೆ. "ಇದು ಸರಿಯಾಗಿ ನಡೆಯೋಕೆ ಶುರುವಾದ ಮೇಲೆ ನೀವು ಪ್ಯಾಕಿಂಗ್‌ಗೆ ಬನ್ನಿ" ಅಂದರು ಯಜಮಾನರು. ಪ್ಯಾಕಿಂಗ್‌ನಲ್ಲಿದ್ದ ನನಗೆ ಮೈಯೆಲ್ಲ ಉರಿದುಹೋಯಿತು. ಎರಡು ತಿಂಗಳು ಆ ಮನುಷ್ಯನಿಗೆ ನಾನು ಹಾಕಿದ ಶಾಪಕ್ಕೆ ಲೆಕ್ಕವಿಲ್ಲ.

ಆ ತಂತಿಯೋ, ಬಿಸಿಗೆ ಪದೇ ಪದೇ ತುಂಡಾಗುತ್ತಿತ್ತು. ಕಂಪನಿಯವನು ಬೆಸೆಯುವ ಮೆಷಿನ್ ಹೊತ್ತು ಬರಲು ವಾರ ಬೇಕು, ಮೀಟರ್ ಇಲ್ಲದೆ ಉರಿಸುವುದು ಬೇಡ ಅಂತ ಯಜಮಾನರು, ಅಲ್ಲಿಯವರೆಗೆ ಭಟ್ಟಿ ತಣ್ಣಗೆ. ಮೂರನೇ ಸಲ ತುಂಡಾದಾಗ ಚಿಕ್ಕಮ್ಮ, "ನಾನೇ ಮಾಡ್ತೀನಿ, ಕೊಡಿ" ಅಂದಳು.

"ನಿನಗೇನು ಹುಚ್ಚಾ? ನಿನ್ನ ಅನ್ನ ಕಿತ್ಕೊಳ್ಳೋ ಮೀಟರ್‌ನ ನೀನೇ ರಿಪೇರಿ ಮಾಡ್ತೀಯಾ?" ಅಂದೆ ನಾನು.

"ನೀನು ಆ ಬ್ಯಾಟರಿ ಹಿಡ್ಕೊ. ಬಾಯಿ ಆಮೇಲೆ."

ಲಾರಿಯ ಹಳೇ ಬ್ಯಾಟರಿ. ಸತ್ತ ಟಾರ್ಚ್ ಸೆಲ್ ಒಡೆದು ತೆಗೆದ ಕರಿ ಕಡ್ಡಿ. ಬ್ಯಾಟರಿಯ ಒಂದು ವಯರು ಹುರಿ ಮಾಡಿದ ತಂತಿಗೆ, ಇನ್ನೊಂದು ಆ ಕಡ್ಡಿಗೆ. ಕಪ್ಪು ಕನ್ನಡಕ ಹಾಕಿಕೊಂಡು ಕಡ್ಡಿಯನ್ನು ತಂತಿಯ ತುದಿಗೆ ಮುಟ್ಟಿಸಿದಳು. ಛಟ್! ತುದಿಯೇ ಮಾಯ. ಇನ್ನೊಮ್ಮೆ, ಮತ್ತೆ ಮಾಯ. ಆರನೇ ಸಲಕ್ಕೆ ಎರಡೂ ಕರಗಿ ಸಾಸಿವೆ ಕಾಳಿನಷ್ಟು ಗುಂಡಾಯಿತು. ಕುದಿಯುವ ನೀರಿಗೆ ಅದ್ದಿದರೆ ಮೀಟರ್ ನೂರು ಅಂತ ಸರಿಯಾಗಿ ತೋರಿಸಿತು. ಅವಳ ಮುಖ ನೋಡಬೇಕಿತ್ತು!

ಮಾರನೇ ದಿನ ಭಟ್ಟಿ ತುಂಬ ಬಟ್ಟಲು. ಮಧ್ಯಾಹ್ನ ಕಿಂಡಿಯಲ್ಲಿ ಇಣುಕಿದವಳೇ, "ಸಾವಿರದ ನಲವತ್ತು. ನಿಲ್ಲಿಸಿ" ಅಂದಳು.

ಯಜಮಾನರು ಮೀಟರ್ ನೋಡಿದರು. "ಇಲ್ಲಿ ಒಂಬೈನೂರ ಐವತ್ತು ಇದೆಯಲ್ಲಮ್ಮ. ಇನ್ನೂ ಉರಿಸಬೇಕು."

"ಉರಿಸಿದ್ರೆ ಬಟ್ಟಲೆಲ್ಲ ಸೊಟ್ಟಗಾಗಿ ಒಂದಕ್ಕೊಂದು ಅಂಟ್ಕೊಳ್ತವೆ."

"ಹಾಗಾದ್ರೆ ಮೀಟರ್ ಸುಳ್ಳಾ?"

ಹೂಂ ಅನ್ನು, ಹೂಂ ಅನ್ನು ಅಂತ ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ಒಂದು ಮಾತು ಅಂದಿದ್ದರೆ ಆ ಮೀಟರ್ ಗುಜರಿಗೆ ಹೋಗಿ, ಅವಳ ಜಾಗ ಅವಳಿಗೇ ಉಳಿಯುತ್ತಿತ್ತು.

"ಮೀಟರ್ ಏನು ಮಾಡೀತು? ನನ್ನ ಕಣ್ಣೋ, ನನ್ನ ಬೆಸುಗೆಯೋ, ಯಾವುದೋ ಒಂದು ತಪ್ಪು. ಉರಿ ಹೀಗೇ ಇರಲಿ, ಹತ್ತು ನಿಮಿಷ ಕೊಡಿ."

ತಂತಿ ಹೊರಗೆಳೆದು ನೋಡಿದಳು. ಗಟ್ಟಿಯಾಗಿರಲಿ ಅಂತ ಎರಡು ಇಂಚು ಉದ್ದ ಜಡೆ ಹೆಣೆದ ಹಾಗೆ ಹೆಣೆದಿದ್ದಳು. ಮೀಟರ್ ಕಡೆಯಿಂದ ಬರುವ ತಂತಿಗಳು ಮೊದಲು ಎಲ್ಲಿ ಮುಟ್ಟುತ್ತವೋ ಮೀಟರ್ ಅಲ್ಲಿಯ ಬಿಸಿಯನ್ನೇ ಹೇಳುತ್ತದಂತೆ, ಆ ಜಾಗ ಬಿಸಿ ಕಡಿಮೆಯಿರುವ ಗೋಡೆಯ ತೂತಿನಲ್ಲೇ ಉಳಿದಿತ್ತು. ನೀರಿನಲ್ಲಿ ಜಡೆಯೆಲ್ಲ ಮುಳುಗಿದ್ದರಿಂದ ಗೊತ್ತಾಗಿರಲಿಲ್ಲ. "ಥೂ ನನ್ನ ಬುದ್ಧಿಗಿಷ್ಟು!" ಅನ್ನುತ್ತಾ ಜಡೆ ಕತ್ತರಿಸಿ, ಒಂದೇ ಸುತ್ತು ಹಾಕಿ, ತುದಿ ಬೆಸೆದು ಒಳಗಿಟ್ಟಳು.

ಮೀಟರ್ ಏರಿತು. ಒಂಬೈನೂರ ಐವತ್ತು ದಾಟಿತು, ಸಾವಿರ ದಾಟಿತು, ಸಾವಿರದ ಮೂವತ್ತೆಂಟಕ್ಕೆ ಬಂದು ನಿಂತಿತು.

"ನಿಲ್ರೋ, ಬೆಂಕಿ ನಿಲ್ಲಿಸ್ರೋ!" ಅಂತ ಯಜಮಾನರೇ ಕೂಗಿಕೊಂಡು ಓಡಿದರು. ವಾಪಸ್ ಬಂದು ಬೆವರು ಒರೆಸಿಕೊಳ್ಳುತ್ತಾ, "ಅಮ್ಮ, ನೀವು ಪ್ಯಾಕಿಂಗ್‌ಗೆ ಹೋಗೋದು ಬೇಡ. ಇಲ್ಲಿ ನೀವೂ ಇರಿ, ಮೀಟರೂ ಇರಲಿ" ಅಂದರು.

ನನಗೆ ಕುಣಿಯುವಷ್ಟು ಖುಷಿ. ಚಿಕ್ಕಮ್ಮ ನೋಡಿದರೆ ಪೆಟ್ಟಿಗೆಗಳ ಹಿಂದೆ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದಾಳೆ.

"ಅಯ್ಯೋ, ಗೆದ್ದೆಯಲ್ಲೇ! ಅಳೋದ್ಯಾಕೆ?"

"ಎರಡು ವರ್ಷದಿಂದ ಕೆಂಪು ಮಂಕಾಗಿ ಕಾಣ್ತಿದೆ ಕಣೇ. ನಿಲ್ಲಿಸಿ ಅಂದಾಗೆಲ್ಲ ಎದೆ ಢವಢವ ಅಂತಿತ್ತು. ಯಾರ ಹತ್ರನೂ ಹೇಳಿರಲಿಲ್ಲ. ಎಲ್ಲರ ದುಡಿಮೆ ನನ್ನಿಂದ ಹಾಳಾದ್ರೆ? ಅದಕ್ಕೇ ಮೀಟರ್ ತರಿಸಿ, ನನ್ನ ಪ್ಯಾಕಿಂಗ್‌ಗೆ ಹಾಕಿ ಅಂತ ಯಜಮಾನರನ್ನ ನಾನೇ ಕೇಳ್ಕೊಂಡಿದ್ದೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ಎರಡೇ ಡಿಗ್ರಿ ಕಣೇ ವ್ಯತ್ಯಾಸ. ಎರಡೇ!"

ಅಷ್ಟರಲ್ಲಿ ಯಜಮಾನರು ಆ ಕಡೆಯಿಂದ ಬರುತ್ತಿದ್ದರು, ನನಗೆ ತಲೆ ಎತ್ತಿ ಅವರ ಮುಖ ನೋಡಲು ಆಗಲಿಲ್ಲ.