ಟ್ಯೂಬ್‌ಲೈಟಿನ ಕೆಳಗೆ ಹಿಡಿಯದ ಗಾಜು

ಲೆನ್ಸಿನ ಮುಂದೆ ತಿರುಗಿಸಿ ಕೂರಿಸುವ ಫಿಲ್ಟರ್ ಗಾಜು ಒಳ್ಳೆಯದೋ ಅಲ್ಲವೋ ಎಂದು ನೋಡುವುದನ್ನು ನನಗೆ ಕಲಿಸಿದವನು ನನ್ನ ಗೆಳೆಯ. ಆದೋನಿಯಲ್ಲಿ ಇಬ್ಬರೂ ಮದುವೆ ಫೋಟೋ ತೆಗೆಯುವವರು. "ಟ್ಯೂಬ್‌ಲೈಟ್ ಕೆಳಗ ಹಿಡಿ. ಲೈಟು ಅದರಾಗ ಮಂದ ಹಸಿರಾಗಿ ಕಂಡ್ರ ಒಳ್ಳೇ ಮಾಲು. ಕನ್ನಡಿ ಹಂಗ ಬೆಳ್ಳಗ ಹೊಳೆದ್ರ ಕಿಟಕಿ ಗಾಜು ಅಂತ ತಿಳಿ," ಎನ್ನುತ್ತಿದ್ದ. ಅವನನ್ನು ಜೊತೆಗೆ ಕರೆದುಕೊಂಡು ಹೋಗಿಯೇ ನಾನು ಒಳ್ಳೆಯದೊಂದನ್ನು ಕೊಂಡೆ. ನಮ್ಮೂರಲ್ಲಿ ಹತ್ತಿಯ ಎಳೆ ಗಾಳಿಯಲ್ಲೇ ಇರುತ್ತದೆ, ಲೆನ್ಸಿಗೆ ಕಾವಲು ಬೇಕು. ಅದೂ ಅಲ್ಲದೆ ನಮ್ಮವ್ವ ಮಹಾನವಮಿಗೆ ಕ್ಯಾಮೆರಾ ಪೂಜೆ ಮಾಡುವಾಗ, ಬೇಡವೆಂದು ಗೋಗರೆದರೂ ಕೇಳದೆ ಗಾಜಿಗೇ ವಿಭೂತಿ ಎಳೆಯುತ್ತಾಳೆ. ಒರೆಸಿದರೆ ಗಾಜು ಶುಭ್ರವಾಗುತ್ತದೆ, ಗಾಜಿನ ಸುತ್ತಲ ಉಂಗುರದ ಗೀರುಗಳಲ್ಲಿ ಕೂತ ಬೂದಿ ಮಾತ್ರ ಹೋಗುವುದಿಲ್ಲ.

ತಂಗಿಯ ಮದುವೆ ಬಂತು. ಆರತಿಯ ಫೋಟೋ ನಾನೇ ತೆಗೆಯಬೇಕೆಂದು ಆಕೆಯ ಹಟ. ಅದನ್ನು ದೊಡ್ಡದು ಮಾಡಿಸಿ ಗಂಡನ ಮನೆಯ ಗೋಡೆಗೆ ಹಾಕುವ ಆಸೆ. ಹಿಂದಿನ ದಿನ ಗೆಳೆಯ ಬಂದು, "ನಿನಗ ಮದುವಿ ಮನಿ ಕೆಲಸ ಭಾಳ ಐತಿ, ಲೆನ್ಸ್ ನಾ ಒರೆಸಿ ತರ್ತೀನಿ" ಎಂದು ಒಯ್ದು ಸಂಜೆಗೆ ತಂದುಕೊಟ್ಟ. ಅವನಿಗೂ ಮರುದಿನ ಗೋನೆಗಂಡ್ಲದಲ್ಲಿ ದೊಡ್ಡವರ ಮನೆಯ ಮದುವೆಯಿತ್ತು. ಅವನ ಕೈಯಿಂದ ಬಂದದ್ದನ್ನು ಬೆಳಕಿಗೆ ಹಿಡಿದು ಪರೀಕ್ಷೆ ಮಾಡುವುದುಂಟೇ?

ಆರತಿಯ ಪ್ರತಿ ದೀಪಕ್ಕೂ ಫೋಟೋದಲ್ಲಿ ಇನ್ನೊಂದು ಮಬ್ಬು ದೀಪ ಹುಟ್ಟಿತ್ತು. ಒಂದಂತೂ ನೇರ ತಂಗಿಯ ಕಣ್ಣಿನ ಮೇಲೆ. ಕಂಪ್ಯೂಟರಿನಲ್ಲಿ ತೋರಿಸಿದಾಗ ಅವನೇ ಆ ಕಲೆಯ ಮೇಲೆ ಬೆರಳಿಟ್ಟು, "ನಿನ್ನ ಲೆನ್ಸಿನ ಕಾಲ ಮುಗೀತಲೇ, ಮಾರಿಬಿಡು" ಎಂದ. ನಾನು ನಂಬಿದೆ.

ಮಾರುವ ಮಾತಾಡಲು ಲೆನ್ಸ್ ತೆಗೆದುಕೊಂಡು ಅವನ ಸ್ಟುಡಿಯೋಕ್ಕೇ ಹೋದೆ. ಮೇಜಿನ ಮೇಲಿದ್ದ ಅವನ ಕ್ಯಾಮೆರಾವನ್ನು ಸುಮ್ಮನೆ ಕೈಗೆತ್ತಿಕೊಂಡರೆ ಫಿಲ್ಟರಿನ ಉಂಗುರದ ಗೀರುಗಳಲ್ಲಿ ಬಿಳಿ ಬೂದಿ. ಅವರ ಮನೆಯಲ್ಲಿ ಕ್ಯಾಮೆರಾಕ್ಕೆ ಇಡುವುದು ಕುಂಕುಮ. ನನ್ನ ಲೆನ್ಸಿನ ಮೇಲಿದ್ದದ್ದನ್ನು ಬಿಚ್ಚಿ ಟ್ಯೂಬ್‌ಲೈಟಿನ ಕೆಳಗೆ ಹಿಡಿದೆ. ಉಂಗುರದ ಮೇಲೆ ಅದೇ ಕಂಪನಿಯ ಅಕ್ಷರಗಳು, ಗಾಜು ಮಾತ್ರ ಕನ್ನಡಿ. ಅಪ್ಪಟ ನಕಲಿ, ಆ ಮಬ್ಬು ದೀಪಗಳು ಹುಟ್ಟಿದ್ದು ಇದರಿಂದಲೇ.

"ನಂದು ಒಡೆದಿತ್ತು. ಗೋನೆಗಂಡ್ಲದ ಪಾರ್ಟಿ ದೊಡ್ಡದು, ನಿಂದು ಮನೀ ಮದುವಿ, ನಡೀತೈತಿ ಅಂದ್ಕೊಂಡೆ. ಪೋನೀರಾ, ಬಿಟ್ಟುಬಿಡು, ಒಂದು ಗಾಜಿಗೆ ಇಷ್ಟ್ಯಾಕ?" ಎಂದು ನಕ್ಕ.

ಗಾಜು ಬದಲಿಸಿದ್ದನ್ನಾದರೂ ಸಹಿಸುತ್ತಿದ್ದೆನೇನೋ. ಎಲ್ಲ ಗೊತ್ತಿದ್ದೂ ತಂಗಿಯ ಕಣ್ಣಿನ ಮೇಲೆ ಬೆರಳಿಟ್ಟು ನನ್ನ ಲೆನ್ಸನ್ನು ದೂರಿದನಲ್ಲ, ಅದನ್ನು ನುಂಗಲಾಗಲಿಲ್ಲ. ನನ್ನ ಫಿಲ್ಟರನ್ನು ಬಿಚ್ಚಿಕೊಂಡು ಎದ್ದುಬಂದೆ. ಅವನೊಂದಿಗೆ ಮಾತು ಅಲ್ಲಿಗೆ ಮುಗಿಯಿತು.

ತಂಗಿ ಈಗಲೂ ಫೋನಿನಲ್ಲಿ, "ಅಣ್ಣಾ, ನನ್ನ ಆರತಿ ಫೋಟೋ ಯಾವಾಗ ಮಾಡಿಸಿಕೊಡ್ತೀ?" ಎಂದು ಕೇಳುತ್ತಾಳೆ. ಲೆನ್ಸ್ ಹಾಳಾಗಿತ್ತಮ್ಮಾ ಎಂದು ಅವನ ಸುಳ್ಳನ್ನೇ ನಾನೂ ಹೇಳುತ್ತೇನೆ. ಅವನನ್ನೂ ಆಕೆ ಅಣ್ಣ ಎಂದೇ ಕರೆಯುತ್ತಾಳೆ.