ಕಲ್ಲಪ್ಪ ಕಾಕಾನ ಕ್ಯಾಸೆಟ್ಟು

ಮೊನ್ನೆ ನನ್ನ ಹಳೆಯ ಮೊಬೈಲಿಗೆ ಒಂದು ತೊಟ್ಟಿಲು ಕಾರ್ಯಕ್ರಮದ ವಿಡಿಯೋ ಬಂತು. ಒತ್ತಿದರೆ ಹೆಂಗಸರ ಜೋಗುಳವಷ್ಟೇ ಕೇಳಿತು, ಚಿತ್ರವೆಲ್ಲ ಕಪ್ಪು. ನಿಮಗೂ ಹೀಗೆ ಆಗಿರಬೇಕು. ಎದುರು ಮನೆಯ ಹುಡುಗಿ ನೋಡಿ, ‘ಫಾರ್ಮ್ಯಾಟ್ ಬ್ಯಾರೆ ಐತ್ರಿ ಸರ್, ಕನ್ವರ್ಟ್ ಮಾಡಬೇಕು’ ಎಂದಳು. ನನಗೆ ನಗು ಬಂತು. ಈ ಮಾತನ್ನು ನಾನು ಮೊದಲು ಕೇಳಿದ್ದು ನಲವತ್ತು ವರ್ಷಗಳ ಹಿಂದೆ, ಆಳಂದದಲ್ಲಿ.

ಆಗಷ್ಟೇ ನಾನು ಕಡಗಂಚಿಯಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ತಂಗಿಯ ಲಗ್ನ ಜೇವರ್ಗಿಯಲ್ಲಿ, ಬೀಗರ ಊರಲ್ಲಿ ಆಯಿತು. ನಮ್ಮ ಆಯಿ, ಅಂದರೆ ತಂದೆಯ ತಾಯಿ, ಅದಕ್ಕೆ ಹತ್ತು ದಿನ ಮುಂಚೆ ಅಂಗಳದಲ್ಲಿ ಜಾರಿ ಕಾಲು ಮುರಿದುಕೊಂಡು ನರೋಣಾದ ಮನೆಯಲ್ಲೇ ಉಳಿದಳು. ‘ಅಳಬ್ಯಾಡಬೇ, ಲಗ್ನಾನ ಮನಿಗಿ ತಂದು ತೋರಸ್ತೇನಿ’ ಎಂದು ಮಾತು ಕೊಟ್ಟವನು ಅವಳ ಕಿರಿಯ ಮಗ ಕಲ್ಲಪ್ಪ ಕಾಕಾ. ಸೊಲ್ಲಾಪುರದಿಂದ ವಿಡಿಯೋದವನನ್ನು ಕರೆಸಿದವನೂ ಅವನೇ.

ಕ್ಯಾಸೆಟ್ಟು ಬಂತು. ಕಾಕಾ ಆಳಂದದಿಂದ ಬಾಡಿಗೆಗೆ ಟಿವಿ, ವಿಡಿಯೋ ಪೆಟ್ಟಿಗೆ ತಂದ. ಓಣಿಯೆಲ್ಲ ಬಂದು ಕೂತಿತು. ಆದರೆ ಕ್ಯಾಸೆಟ್ಟು ಪೆಟ್ಟಿಗೆಯ ಬಾಯಿಗಿಂತ ಸಣ್ಣದು.

‘ಸಣ್ಣದು ದೊಡ್ಡದರಾಗ ಹೋಗಬೇಕಲ್ಲೋ ಮಾಸ್ತರ?’ ಎಂದು ಕಾಕಾ ನನ್ನನ್ನು ಕೇಳಿದ.

‘ಹೋಗಬೇಕ್ರಿ ಕಾಕಾ’ ಎಂದೆ. ವಿಜ್ಞಾನದ ಮಾಸ್ತರನ ಅಪ್ಪಣೆಯೇ ಆಯಿತಲ್ಲ, ಕಾಕಾ ನೂಕಿದ. ಹೋಯಿತು. ಆಮೇಲೆ ಹೊರಗೆ ಬರಲಿಲ್ಲ. ಕಾಕಾ ಚಮಚ, ಇಕ್ಕಳ, ಕೊನೆಗೆ ತನ್ನ ಕೈ, ಎಲ್ಲವನ್ನೂ ಒಳಗೆ ಹಾಕಿ ಬೆವರಿದ. ಮಂಚದ ಮೇಲಿಂದ ಆಯಿ, ‘ಲಗ್ನ ತೋರಸ್ತೇನಿ ಅಂತ ಕರದು ಹೆರಿಗಿ ತೋರ್ಸಾಕತ್ತಿಯಲ್ಲೋ ಕಲ್ಲಪ್ಪ!’ ಎಂದಳು. ಓಣಿಯವರು ಲಗ್ನ ನೋಡಿದಷ್ಟೇ ಖುಷಿಯಿಂದ ಎದ್ದು ಹೋದರು.

ಮರುದಿನ ಪೆಟ್ಟಿಗೆ ಹೊತ್ತು ಆಳಂದಕ್ಕೆ ಹೋದೆವು. ರೇಡಿಯೋ ರಿಪೇರಿಯ ಮಹಬೂಬ್ ಅದನ್ನು ಬಿಚ್ಚಿ ಕ್ಯಾಸೆಟ್ಟು ತೆಗೆದು, ‘ಇದು ಬೀಟಾ ಐತ್ರಿ. ನಿಮ್ಮ ಪೆಟ್ಟಿಗಿ ವಿ.ಎಚ್.ಎಸ್. ಎರಡರದೂ ಜಾತಿ ಬ್ಯಾರೆ, ಕೂಡಂಗಿಲ್ಲ’ ಎಂದ.

ಕಾಕಾ ಕೊರಳ ಲಿಂಗ ಮುಟ್ಟಿಕೊಂಡು, ‘ಜಾತಿ ಇಲ್ಲ ಅನ್ನೋ ಮಂದಿ ಲೇ ನಾವು! ಹೆಂಗ ಕೂಡಂಗಿಲ್ಲ?’ ಎಂದು ರೇಗಿದ.

‘ಹಂಗಾದರ ಗಾಣಗಾಪುರಕ್ಕ ಹೋಗ್ರಿ. ಅಲ್ಲಿ ಒಂದು ಲಾಡ್ಜಿನ ಮಾಲಕರ ಹತ್ರ ಬೀಟಾ ಮಷೀನು ಐತಿ. ನನ್ನ ಮಷೀನು ಒಯ್ದು ಅದಕ್ಕ ವೈರು ಹಚ್ಚಿರಿ. ಅದು ತೋರಿಸಿದ್ದನ್ನ ಇದು ಬರಕೊಂತದ.’

ಮಹಬೂಬನ ಮಷೀನನ್ನು ಕೌದಿಯಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಕಾಕಾ ಬಸ್ಸಿನಲ್ಲಿ ಕೂತ. ಗುಂಡಿ ಬಂದಾಗೆಲ್ಲ ಅದನ್ನು ಎದೆಗೆ ಅವಚಿಕೊಳ್ಳುತ್ತಿದ್ದ. ದತ್ತನ ದರ್ಶನಕ್ಕೆ ಹೊರಟಿದ್ದ ಒಬ್ಬ ಅಜ್ಜಿ ಕೌದಿಯತ್ತ ಬಾಗಿ, ‘ಕೂಸು ಎಷ್ಟು ತಿಂಗಳಿಂದ್ರಿ?’ ಎಂದು ಕೇಳಿದಳು. ಲಾಡ್ಜಿನ ಮಾಲಕರು ಪುಣ್ಯಾತ್ಮರು. ಎರಡು ಮಷೀನು ಜೋಡಿಸಿಕೊಟ್ಟರು. ಲಗ್ನ ಮುಗಿಯುವವರೆಗೆ ಕಾಕಾ ವೈರು ಹಿಡಿದೇ ಕೂತಿದ್ದ, ಬಿಟ್ಟರೆ ಮಾಂಗಲ್ಯ ಸೋರಿಹೋಗುತ್ತದೆ ಎಂಬಂತೆ. ನಕಲಿನಲ್ಲಿ ತಂಗಿಯ ಕೆಂಪು ಸೀರೆ ಬೂದಿ ಬಣ್ಣವಾಗಿತ್ತು. ಇರಲಿ, ಮನುಷ್ಯರು ಕಾಣುತ್ತಿದ್ದರು.

ಇಲ್ಲೊಂದು ಹಳೆಯ ಸಂಗತಿ ಹೇಳಬೇಕು. ಆಯಿಗೆ ಜೇವರ್ಗಿಯಲ್ಲಿ ಒಬ್ಬ ತಮ್ಮ, ಶಿವಲಿಂಗಪ್ಪ. ಅವನ ಮಗಳನ್ನು ಕಲ್ಲಪ್ಪ ಕಾಕಾನಿಗೆ ತರುವುದೆಂದು ಹಿರಿಯರು ಮಾತಾಡಿಕೊಂಡಿದ್ದರು. ಕಾಕಾ ಒಲ್ಲೆನೆಂದ. ಅಂದಿನಿಂದ ಹನ್ನೆರಡು ವರ್ಷ ಆ ತಮ್ಮ ಅಕ್ಕನ ಹೊಸ್ತಿಲು ತುಳಿದಿರಲಿಲ್ಲ. ಆಯಿ ಅವನ ಹೆಸರು ಎತ್ತುತ್ತಿರಲಿಲ್ಲ. ತಂಗಿಯ ಲಗ್ನಕ್ಕೆ ಕರೆ ಕಳಿಸಿದ್ದೆವು. ಅವನು ಬಂದಿಲ್ಲವೆಂದೇ ನಾವು ತಿಳಿದಿದ್ದೆವು.

ನರೋಣಾದಲ್ಲಿ ಮತ್ತೆ ಟಿವಿ ಹಚ್ಚಿದೆವು. ಅಕ್ಕಿಕಾಳು ಬಿದ್ದವು, ಆಯಿ ಕಣ್ಣೊರೆಸಿಕೊಂಡಳು. ಕೊನೆಯ ಪಂಕ್ತಿಯ ಊಟ ಬಂದಾಗ ನಾವೆಲ್ಲ ಆಕಳಿಸುತ್ತಿದ್ದೆವು. ಆಯಿ ಒಮ್ಮೆಲೇ ಮುಂದೆ ಬಾಗಿದಳು.

‘ನಿಲ್ಲಸು! ಹೋಳಿಗಿ ತಿನ್ನುವಾಗ ಕಣ್ಣು ಮುಚ್ಚತಾನ ನೋಡ್ರಿ. ನಮ್ಮ ಶಿವಲಿಂಗನ ಇವ!’

ಕಾಕಾ ಹಿಂದಕ್ಕೆ ತಿರುಗಿಸಿದ. ಆಯಿ ಅಂದು ಆ ಒಂದು ತುತ್ತನ್ನೇ ಎಂಟು ಸಲ ನೋಡಿದಳು. ಮೊಮ್ಮಗಳ ಮಾಂಗಲ್ಯ ಒಂದೇ ಸಲ.

ಕಾಲು ಕೂಡುವವರೆಗೂ ಅವಳು ಕಾಯಲಿಲ್ಲ. ಬೆಳಿಗ್ಗೆಯೇ ನಾನೂ ಕಾಕಾನೂ ಅವಳನ್ನು ಎತ್ತಿಕೊಂಡು ಜೀಪಿನಲ್ಲಿ ಜೇವರ್ಗಿಗೆ ಕರೆದೊಯ್ದೆವು. ಕಾಕಾ ಜೀಪಿನಿಂದ ಇಳಿಯಲೇ ಇಲ್ಲ. ನಾನೂ ಡ್ರೈವರನೂ ಆಯಿಯನ್ನು ಒಳಗೆ ಕೂರಿಸಿದೆವು.

‘ಊಟಕ್ಕ ಬಂದಾವ ನನ್ನ ನೋಡಾಕ ಬರಲಿಲ್ಲೇನೋ?’ ಎಂದಳು ಆಯಿ.

ಶಿವಲಿಂಗಪ್ಪ ನೆಲ ನೋಡುತ್ತ, ‘ನಿನ್ನ ನೋಡಾಕನ ಬಂದಿದ್ನಿ ಅಕ್ಕಾ. ನೀನ ಇರಲಿಲ್ಲ’ ಎಂದ. ಆಮೇಲೆ ಅವಳ ಪಟ್ಟಿ ಕಟ್ಟಿದ ಕಾಲು ಕಂಡು, ‘ಅಯ್ಯ, ಇದೇನಬೇ?’ ಎಂದು ಅಲ್ಲೇ ಕುಸಿದು ಕೂತ.

ಮೊನ್ನೆ ಇದೆಲ್ಲ ನೆನಪಾಗಿ ಕಾಕಾನಿಗೆ ಫೋನು ಹಚ್ಚಿದೆ. ಈಗ ಅವನಿಗೆ ಎಂಬತ್ತರ ಹತ್ತಿರ. ‘ಆಯಿಗಿ ಗುರುತು ಸಿಕ್ಕಿದ್ದು ನಮ್ಮ ನಸೀಬ ನೋಡ್ರಿ ಕಾಕಾ’ ಎಂದೆ.

‘ಅವತ್ತ ಆ ಪಂಕ್ತಿಗಿ ತುಪ್ಪ ಬಡಿಸಿದಾವ ನಾನ. ಮಾವ ತಲಿ ಎತ್ತಲಿಲ್ಲ, ನಾನೂ ಮಾತಾಡಲಿಲ್ಲ. ವಿಡಿಯೋದಾವಗ ಮಾತ್ರ, ಈ ಸಾಲು ಚಂದಂಗಿ ತಗೀಯಪ್ಪ ಅಂದ್ನಿ.’

‘ಮನಿಗಿ ಬಂದು ಆಯಿಗಿ ಹೇಳಬಹುದಿತ್ತಲ್ರಿ?’

‘ಯಾವ ಬಾಯಿಲೆ ಹೇಳಲೋ? ಅವರಿಬ್ಬರನ್ನ ಬಿಡಿಸಿದಾವ ನಾನ.’

ಇಷ್ಟು ವರ್ಷ ನಾನು ಪ್ರತಿ ಲಗ್ನದಲ್ಲೂ ಇಕ್ಕಳ, ಕೌದಿಗಳ ಕಥೆ ಹೇಳಿ ಕಾಕಾನನ್ನು ಹತ್ತು ಜನರೆದುರು ನಗೆಪಾಟಲು ಮಾಡಿದ್ದೇನೆ. ಅವನೂ ಎಲ್ಲರೊಡನೆ ನಕ್ಕಿದ್ದಾನೆ.

‘ಏನಲೇ ಮಾಸ್ತರ, ಇದ್ದಿಯೋ ಇಲ್ಲೋ?’ ಎಂದ ಕಾಕಾ.

‘ಇದ್ದೇನ್ರಿ ಕಾಕಾ. ರವಿವಾರ ಬರ್ತೇನಿ’ ಎಂದೆ.