ನಿದ್ದೆ ಬಾರದ ಗುಳಿಗೆ, ನಿದ್ದೆ ಹೋಗುವ ಊರು

ಗುಜರಾತಿನ ರಾಜಕೋಟ್‌ಗೆ ಬಂದ ಮರುದಿನ ಮಧ್ಯಾಹ್ನ ಬೀದಿಯ ಶಟರ್‌ಗಳೆಲ್ಲ ಒಟ್ಟಿಗೆ ಕೆಳಗಿಳಿದವು. ನಮ್ಮ ಚಿಕ್ಕೇರೂರಿನಲ್ಲಿ ಹಾಗಾದರೆ ಯಾರೋ ದೊಡ್ಡವರು ತೀರಿಕೊಂಡಿರಬೇಕು. ಗಾಬರಿಯಿಂದ ಮನೆಯೊಡತಿ ಹಂಸಾಬೆನ್‌ರನ್ನು ಕೇಳಿದೆ. ‘ಬೆನ್’ ಎಂದರೆ ಅಲ್ಲಿ ಅಕ್ಕ. ಅವರು ಆಕಳಿಸಿ, “ಬಪೋರ್” ಎಂದು ಬಾಗಿಲು ಹಾಕಿಕೊಂಡರು. ಮಧ್ಯಾಹ್ನ ಎಂದಷ್ಟೇ ಅದರ ಅರ್ಥ. ಊರಿಗೆ ಊರೇ ನಾಲ್ಕರವರೆಗೆ ಮಲಗುತ್ತದೆ.

ಇಂಥ ಊರಿನಲ್ಲಿ ನನ್ನ ಕೆಲಸ, ನಿದ್ದೆ ತರಿಸದ ಅಲರ್ಜಿ ಗುಳಿಗೆಯ ಪರೀಕ್ಷೆ. ಹಳೆಯ ಗುಳಿಗೆಗಳು ಸೀನು ನಿಲ್ಲಿಸುತ್ತವೆ, ಮಿದುಳಿಗೂ ನುಗ್ಗಿ ಮಂಪರು ತರುತ್ತವೆ. ನಮ್ಮದು ಮಿದುಳಿಗೆ ಹೋಗಬಾರದು, ಎದೆಬಡಿತ ಕೆಡಿಸಬಾರದು. ಪರೀಕ್ಷೆಗೆ ಒಪ್ಪಿ ಬಂದವರಲ್ಲಿ ಊಟದ ಮೇಲೆ ಅರ್ಧ ಜನಕ್ಕೆ ಔಷಧ, ಅರ್ಧ ಜನಕ್ಕೆ ಔಷಧವಿಲ್ಲದ ಸಪ್ಪೆ ಗುಳಿಗೆ ಕೊಟ್ಟೆವು. ಎಲ್ಲರೂ ಗೊರಕೆ ಹೊಡೆದರು. ಪರೀಕ್ಷೆಯನ್ನು ಬೆಳಿಗ್ಗೆಗೆ ಬದಲಿಸಬೇಕೆಂದು ಹೊಳೆಯಲು ಒಂದು ವಾರ ಹಿಡಿಯಿತು. ಹೆಚ್ಚೇ ಇರಬಹುದು, ನನ್ನ ದಡ್ಡತನದ ಲೆಕ್ಕವನ್ನು ನೆನಪು ಯಾವಾಗಲೂ ಕಡಿಮೆ ಮಾಡಿಯೇ ಹೇಳುತ್ತದೆ.

ಚಿಕ್ಕೇರೂರಿನಲ್ಲಿ ಅಪ್ಪನದು ಗೋವಿನಜೋಳ ಒಕ್ಕುವ ಮಷೀನು. ಧೂಳಿಗೆ ಸೀನು, ಸೀನಿಗೆ ಹಳೆಯ ಗುಳಿಗೆ, ಗುಳಿಗೆಗೆ ತೂಕಡಿಕೆ, ಅದೂ ತಿರುಗುವ ಮಷೀನಿನ ಬಾಯಲ್ಲಿ. ಈ ಸಲ ತೆನೆಯ ಜೊತೆ ಅಂಗಿಯ ತೋಳೂ ಒಳಗೆ ಹೋಯಿತು. “ತೋಳು ಹೋತು, ಕೈ ಉಳೀತು” ಎಂದು ಅವ್ವ ಫೋನಿನಲ್ಲಿ ಅಂದಾಗ, ಫೋನನ್ನು ಅಪ್ಪನ ಕೈಗೆ ಕೊಡಲು ಹೇಳಿದೆ.

“ಅಪ್ಪಾ, ನಿದ್ದಿ ಬರಲಾರದ ಗುಳಿಗಿ ಅದಾವು, ಅವನ್ನ ತಗೋ.”

“ನಿದ್ದೀನ ಬರಲಿಲ್ಲಂದ್ರ ಗುಳಿಗಿ ಹತ್ತೇತಿ ಅಂತ ಹೆಂಗ ತಿಳೀಬೇಕವಾ? ಇದಕ ನಿನಗ ಪಗಾರ ಬ್ಯಾರೆ ಕೊಡ್ತಾರ?”

ನಮ್ಮ ಗುಳಿಗೆ ಇನ್ನೂ ಪರೀಕ್ಷೆಯಲ್ಲಿದೆ, ಕೊಡುವಂತಿಲ್ಲ. ಅಂಗಡಿಯಲ್ಲಿ ಸಿಗುವ, ಅದರ ಅಕ್ಕನಂಥ ಗುಳಿಗೆಯನ್ನು ನಮ್ಮ ತಾಲ್ಲೂಕು ಹಿರೇಕೆರೂರಿನ ಡಾಕ್ಟರಿಂದ ಬರೆಸಲು ರಜೆ ಹಾಕಿ ಊರಿಗೆ ಹೋದೆ. ಅಪ್ಪ ನನ್ನೆದುರೇ ನುಂಗಿ, ಕಣ್ಣು ಭಾರವಾಗುವುದನ್ನು ಕಾಯುತ್ತ ಮಷೀನಿನ ಬಳಿ ನಿಂತ. ಸಂಜೆಯವರೆಗೂ ಕಾದ. ಸೀನೂ ಇಲ್ಲ, ತೂಕಡಿಕೆಯೂ ಇಲ್ಲ. ಕೊನೆಗೆ ಹಳೆಯ ಗುಳಿಗೆಯನ್ನು ತಾನೇ ಗೋಡೆಯ ಗೂಡಿನಲ್ಲಿ ಎತ್ತಿಟ್ಟ.

ನಾಲ್ಕು ದಿನವಾದರೂ ಅವ್ವನಿಗೆ ಮಾತ್ರ ಸಮಾಧಾನವಿಲ್ಲ. “ಮೊದಲ ಉಂಡು, ಗುಳಿಗಿ ನುಂಗಿ ಮಕ್ಕೋತಿದ್ದ. ಈಗ ದಿನಾ ಮಧ್ಯಾಹ್ನ ಸಾರಿನ್ಯಾಗ ಉಪ್ಪು ಯಾಕ ಕಮ್ಮಿ ಅಂತ ಪಂಚಾಯ್ತಿ. ನಿನ್ನ ಔಷಧ ಭಾಳ ಚಲೋ ಐತಿ, ತಾಯಿ!”

ಇದನ್ನು ನಾನು ಜೋಳದ ಚೀಲಕ್ಕೊರಗಿ ಅರೆನಿದ್ದೆಯಲ್ಲಿ ಕೇಳಿಸಿಕೊಂಡೆ. ರಾಜಕೋಟ್‌ನಲ್ಲಿ ಬೇಳೆಗೆ ಬೆಲ್ಲ ಹಾಕುತ್ತಾರೆಂದು ಗೊಣಗುತ್ತ ಊರಿನ ಸಾರು ನೆನೆಯುವವಳು ನಾನು. ಊರಿಗೆ ಬಂದರೆ ಮಧ್ಯಾಹ್ನ ರೆಪ್ಪೆಗಳು ಹಂಸಾಬೆನ್‌ರ ಬೀದಿಯ ಶಟರ್‌ಗಳ ಜೊತೆಗೇ ಇಳಿಯುತ್ತವೆ.

ಕಣ್ಣು ಬಿಟ್ಟಾಗ ಅಪ್ಪ ಎದುರು ನಿಂತಿದ್ದ, ಎಚ್ಚರವಾಗಿ, ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು.

“ನನ್ನ ಹಳೇ ಗುಳಿಗಿ ನುಂಗೀಯೇನವಾ?”

“ಬಪೋರ್” ಎಂದು ಮಗ್ಗುಲು ಬದಲಿಸಿದೆ.